ಇಂಕ್ ಇದೆ, ಪ್ರಿಂಟರ್ ಒಪ್ಪುತ್ತಿಲ್ಲ: ಓದುಗರ ಪ್ರಶ್ನೆಗೆ ಪ್ರಿಂಟರ್ ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಒಂದೇ ವಿಷಯದವು. ಬೇರೆ ಬೇರೆ ಊರು, ಬೇರೆ ಬೇರೆ ಪ್ರಿಂಟರ್, ದೂರು ಮಾತ್ರ ಒಂದೇ. ಅದಕ್ಕೇ ಒಂದು ಪ್ರಶ್ನೆಗೆ ಉದ್ದವಾಗಿ ಬರೆಯುತ್ತೇನೆ, ಉಳಿದವಕ್ಕೆ ಚುಟುಕಾಗಿ. ಪೇಪರ್ ಹಾಕುವುದು, ಕೇಬಲ್ ಸರಿಯಾಗಿ ಚುಚ್ಚುವುದು ಇವೆಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಬಿಡುತ್ತೇನೆ.

ಪ್ರಶ್ನೆ: ಮಗಳ ಶಾಲೆಯ ಪ್ರಾಜೆಕ್ಟಿಗೆ ಅಂತ ಇಂಕ್‌ಜೆಟ್ ಪ್ರಿಂಟರ್ ತಂದೆವು. ಎರಡು ಕಾರ್ಟ್ರಿಜ್ ಕೊಂಡರೆ ಪ್ರಿಂಟರ್ ಬೆಲೆಯ ಹತ್ತಿರಕ್ಕೇ ಬರುತ್ತದೆ. ಹಾಗಾಗಿ ಬೇರೆ ಕಂಪನಿಯ ಕಂಪ್ಯಾಟಿಬಲ್ ಕಾರ್ಟ್ರಿಜ್ ಹಾಕುತ್ತಿದ್ದೆ. ಎಂಟು ತಿಂಗಳು ಏನೂ ತೊಂದರೆ ಇರಲಿಲ್ಲ. ಹೋದ ವಾರ ಆನ್ ಮಾಡಿದರೆ ಈ ಕಾರ್ಟ್ರಿಜ್ ಬಳಸುವಂತಿಲ್ಲ ಅಂತ ಬಂತು. ಒಳಗೆ ಅರ್ಧ ಇಂಕ್ ಇದೆ. ನನ್ನಿಂದ ಏನಾದರೂ ತಪ್ಪಾಯಿತಾ? (ದಾವಣಗೆರೆಯ ಶಿಕ್ಷಕಿ)

ಉತ್ತರ: ಇಲ್ಲ ಮೇಡಂ, ನಿಮ್ಮಿಂದ ಯಾವ ತಪ್ಪೂ ಆಗಿಲ್ಲ. ಪ್ರಿಂಟರ್ ಕೂಡ ಕೆಟ್ಟಿಲ್ಲ. ಅದಕ್ಕೆ ಬೀಗ ಹಾಕಿದ್ದಾರೆ. ಇದನ್ನು ಮೊದಲೇ ಹೇಳುತ್ತಿದ್ದೇನೆ. ಯಾಕೆಂದರೆ ಪ್ರಿಂಟರ್ ತೆಗೆದುಕೊಂಡು ಬರುವವರಲ್ಲಿ ತುಂಬಾ ಜನ ತಮ್ಮದೇ ತಪ್ಪು ಅಂದುಕೊಂಡು ಬರುತ್ತಾರೆ. ಅದನ್ನು ನೋಡಿದರೆ ನನಗೆ ನಿಜವಾಗಲೂ ಸಿಟ್ಟು ಬರುತ್ತದೆ.

ಕಾರ್ಟ್ರಿಜ್ ಮೇಲೆ ಚಿಕ್ಕ ಚಿಪ್ ಇರುತ್ತದೆ. ನೀವು ಕಾರ್ಟ್ರಿಜ್ ಕೂರಿಸಿದ ತಕ್ಷಣ ನೀನು ಯಾರು ಅಂತ ಪ್ರಿಂಟರ್ ಆ ಚಿಪ್ಪನ್ನು ಕೇಳುತ್ತದೆ. ಉತ್ತರ ಹಿಡಿಸಿದರೆ ಕೆಲಸ, ಇಲ್ಲದಿದ್ದರೆ ಇಲ್ಲ. ನಿಮ್ಮ ಕಾರ್ಟ್ರಿಜ್ ಎಂಟು ತಿಂಗಳು ಸರಿಯಾದ ಉತ್ತರವನ್ನೇ ಕೊಡುತ್ತಿತ್ತು. ವೈಫೈಯಲ್ಲಿ ಒಂದು ಫರ್ಮ್‌ವೇರ್ (ಪ್ರಿಂಟರಿನ ಒಳಗಿದ್ದು ಅದನ್ನು ನಡೆಸುವ ಸಾಫ್ಟ್‌ವೇರ್) ಅಪ್‌ಡೇಟ್ ಬಂದು ಪ್ರಶ್ನೆಯನ್ನೇ ಬದಲಾಯಿಸಿದೆ. ಇಂಕ್ ಹಳೆಯದೇ, ಇಂಕ್ ಚಿಮ್ಮಿಸುವ ಹೆಡ್ ಹಳೆಯದೇ.

ಇದು ಹೊಸ ಆಟವಲ್ಲ. 2016ರ ಸೆಪ್ಟೆಂಬರ್ 13ರಂದು ಬೇರೆ ಬೇರೆ ದೇಶಗಳಲ್ಲಿ ಎಚ್‌ಪಿಯ ಆಫೀಸ್‌ಜೆಟ್ ಪ್ರಿಂಟರ್‌ಗಳು ಹೊರಗಿನ ಕಾರ್ಟ್ರಿಜ್‌ಗಳನ್ನು ಒಟ್ಟಿಗೇ ತಿರಸ್ಕರಿಸಿದವು. ಆ ತಾರೀಖನ್ನು ತಿಂಗಳುಗಳ ಮೊದಲೇ ಫರ್ಮ್‌ವೇರ್‌ನಲ್ಲಿ ಬರೆದಿಟ್ಟಿದ್ದರು. ಗಲಾಟೆಯಾದ ಮೇಲೆ, ಜನರಿಗೆ ಸರಿಯಾಗಿ ತಿಳಿಸಲಿಲ್ಲ ಅಂತ ಕಂಪನಿ ಕ್ಷಮೆ ಕೇಳಿತು, ಬೀಗ ತೆಗೆಯುವ ಇನ್ನೊಂದು ಫರ್ಮ್‌ವೇರ್ ಕೊಟ್ಟಿತು. ಆದರೆ ಆ ಪದ್ಧತಿಯನ್ನು ಬಿಡಲಿಲ್ಲ. 2020ರ ಕೊನೆಯಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಅದೇ ಕಂಪನಿಗೆ 1 ಕೋಟಿ ಯೂರೋ ದಂಡ ಹಾಕಿತು. ಈ ನಿರ್ಬಂಧವನ್ನು ಗ್ರಾಹಕರಿಗೆ ಸರಿಯಾಗಿ ಹೇಳಿರಲಿಲ್ಲ ಅನ್ನುವುದು ಅಲ್ಲಿದ್ದ ದೊಡ್ಡ ಆಕ್ಷೇಪ.

ಇದೆಲ್ಲ ನಿಮ್ಮ ಸುರಕ್ಷತೆಗೆ, ಪ್ರಿಂಟ್ ಗುಣಮಟ್ಟಕ್ಕೆ ಅಂತ ಕಂಪನಿಗಳು ಹೇಳುತ್ತವೆ. ಹಾಗಾದರೆ 2022ರ ಜನವರಿಯಲ್ಲಿ ಆದದ್ದು ಕೇಳಿ. ಪ್ರಪಂಚದಲ್ಲೆಲ್ಲ ಚಿಪ್ ಕೊರತೆ ಇತ್ತು. ಕ್ಯಾನನ್ ತನ್ನ ಆಫೀಸ್ ಕಾಪಿಯರ್‌ಗಳ ಟೋನರನ್ನು (ಇಂಕಿನ ಬದಲು ಬಳಸುವ ಪುಡಿಯ ಕಾರ್ಟ್ರಿಜ್) ಚಿಪ್ ಇಲ್ಲದೆ ಮಾರಬೇಕಾಯಿತು. ಅದರದೇ ಮಷಿನ್‌ಗಳು ಅದರದೇ ಟೋನರನ್ನು ಒರಿಜಿನಲ್ ಅಲ್ಲ ಅಂದವು! ಆ ಎಚ್ಚರಿಕೆಯನ್ನು ದಾಟಿ ಹೋಗುವುದು ಹೇಗೆ ಅಂತ ಜರ್ಮನಿಯಲ್ಲಿ ಕಂಪನಿಯೇ ಗ್ರಾಹಕರಿಗೆ ಹೇಳಿಕೊಟ್ಟಿತು. ಪ್ರಿಂಟ್ ಚೆನ್ನಾಗಿಯೇ ಬರುತ್ತದೆ ಅಂತಲೂ ಹೇಳಿತು. ಚಿಪ್ ಇರುವುದು ಯಾರ ಅನುಕೂಲಕ್ಕೆ ಅಂತ ನೀವೇ ಯೋಚಿಸಿ.

ಈಗ ನೀವು ಮಾಡಬೇಕಾದದ್ದು. ಬಂದ ಅಪ್‌ಡೇಟನ್ನು ವಾಪಸ್ ತೆಗೆಯುವುದು ಹೆಚ್ಚಿನ ಮಾಡೆಲ್‌ಗಳಲ್ಲಿ ಆಗುವುದಿಲ್ಲ. ಯಾರೋ ಕಳಿಸಿದ ಹಳೆಯ ಫರ್ಮ್‌ವೇರ್ ತುರುಕಬೇಡಿ. ಮಧ್ಯದಲ್ಲಿ ಕರೆಂಟ್ ಹೋದರೆ ಪ್ರಿಂಟರ್ ಮತ್ತೆ ಏಳದೇ ಹೋಗಬಹುದು. ಕಾರ್ಟ್ರಿಜ್ ಕೊಟ್ಟ ಅಂಗಡಿಗೆ ಹೋಗಿ. ಈ ಮಾಡೆಲ್ಲಿಗೆ ಹೊಂದುತ್ತದೆ ಅಂತ ಹೇಳಿ ಮಾರಿದ್ದಾರೆ, ಬದಲಾಯಿಸಿ ಕೊಡಬೇಕು. ಕಂಪ್ಯಾಟಿಬಲ್ ಮಾಡುವವರು ಚಿಪ್ಪನ್ನೂ ಆಗಾಗ ಬದಲಾಯಿಸುತ್ತಿರುತ್ತಾರೆ, ಹೊಸ ಸ್ಟಾಕ್ ಕೇಳಿ. ಬಿಲ್ ಇಲ್ಲದೆ ತಂದಿದ್ದರೆ ಮಾತ್ರ ಕಷ್ಟ.

ಹೊಸ ಕಾರ್ಟ್ರಿಜ್ ಹಾಕಿದ ಮೇಲೆ ಸೆಟಿಂಗ್ಸ್‌ನಲ್ಲಿ ಆಟೋ ಅಪ್‌ಡೇಟ್ ಆಫ್ ಮಾಡಿ. ಮೊಬೈಲ್ ಆಪ್‌ನಲ್ಲೂ ನೋಡಿ, ಪ್ರಿಂಟರ್ ಒಳಗಿನ ಮೆನುವಿನಲ್ಲೂ ನೋಡಿ. ಒಂದು ಎಚ್ಚರಿಕೆ ಹೇಳಲೇಬೇಕು. ಅಪ್‌ಡೇಟ್‌ನಲ್ಲಿ ಭದ್ರತೆಯ ರಿಪೇರಿಗಳೂ ಇರುತ್ತವೆ, ಆಫ್ ಮಾಡಿದರೆ ಅವೂ ಬರುವುದಿಲ್ಲ. ಹಾಗಾಗಿ ನಾನು ನನ್ನ ಮನೆಯ ಪ್ರಿಂಟರಿಗೆ ವೈಫೈಯನ್ನೇ ಕೊಟ್ಟಿಲ್ಲ, ಯುಎಸ್‌ಬಿ ಕೇಬಲ್‌ನಲ್ಲೇ ಓಡಿಸುತ್ತೇನೆ. ಮೊಬೈಲ್‌ನಿಂದ ಪ್ರಿಂಟ್ ಬರುವುದಿಲ್ಲ, ನಿಜ. ನನಗೆ ಅಷ್ಟು ಸಾಕು.

ಇನ್ನು ದೂರು. 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಒಂದನ್ನು ಕೊಳ್ಳಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಅನ್ನುವ ವ್ಯಾಪಾರವನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿರ್ಬಂಧಕ ವ್ಯಾಪಾರ ಪದ್ಧತಿ ಅಂತ ಕರೆಯುತ್ತದೆ. ಪ್ರಿಂಟರ್ ಬಾಕ್ಸ್ ಇನ್ನೂ ಇದೆಯಾ? ಅದರ ಎಲ್ಲಾ ಬದಿಯ ಫೋಟೋ ತೆಗೆಯಿರಿ. ಕಂಪನಿಯ ಚಿಪ್ ಇರುವ ಕಾರ್ಟ್ರಿಜ್ ಮಾತ್ರ ನಡೆಯುತ್ತದೆ ಅಂತ ಅದರ ಮೇಲೆ ಬರೆದಿಲ್ಲದಿದ್ದರೆ ನಿಮ್ಮ ವಾದಕ್ಕೆ ಬಲ ಬರುತ್ತದೆ. ಬರೆದಿದ್ದರೆ ವಾದ ಕಷ್ಟ, ಸುಳ್ಳು ಧೈರ್ಯ ಕೊಡುವುದಿಲ್ಲ. ತೊಂದರೆ ಶುರುವಾದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕವಿಲ್ಲ.

ಮುಂದಿನ ಸಲ ಪ್ರಿಂಟರ್ ಕೊಳ್ಳುವಾಗ ಅದರ ಬೆಲೆ ಆಮೇಲೆ ನೋಡಿ, ಇಂಕಿನ ಬೆಲೆ ಮೊದಲು ನೋಡಿ. ಮೂಗಿಗಿಂತ ಮೂಗುತಿ ಭಾರ ಆಗುವುದು ಇಲ್ಲೇ. ಅಗ್ಗದ ಪ್ರಿಂಟರ್‌ಗಳ ಕೆಲವು ಕಪ್ಪು ಕಾರ್ಟ್ರಿಜ್ ಬರುವುದು ಸುಮಾರು 120 ಪುಟ. ಬಾಟಲಿಯಿಂದ ಇಂಕ್ ಸುರಿದು ತುಂಬುವ ಟ್ಯಾಂಕ್ ಪ್ರಿಂಟರಿನ 65 ಮಿಲಿಲೀಟರ್ ಕಪ್ಪು ಬಾಟಲಿಗೆ ಕಂಪನಿ ಹೇಳುವ ಲೆಕ್ಕ 4,500 ಪುಟ. ಕಾರ್ಟ್ರಿಜ್ ಬೆಲೆಯನ್ನು ಪುಟಗಳಿಂದ ಭಾಗಿಸಿ ನೋಡಿ, ಮಗಳ ಕೈಲೇ ಮಾಡಿಸಿ. ತಿಂಗಳಿಗೆ ಹತ್ತಿಪ್ಪತ್ತು ಪುಟ ಸಾಕು ಅನ್ನುವವರಿಗೆ ಯಾವ ಪ್ರಿಂಟರೂ ಬೇಡ. ಬೀದಿ ಕೊನೆಯ ಜೆರಾಕ್ಸ್ ಅಂಗಡಿಯೇ ಅಗ್ಗ.

ಪ್ರಶ್ನೆ: ಟ್ಯಾಂಕ್ ಪ್ರಿಂಟರ್ ಇದೆ. ವೇಸ್ಟ್ ಇಂಕ್ ಪ್ಯಾಡ್ ತುಂಬಿದೆ ಅಂತ ನಿಂತುಹೋಗಿದೆ. ಯೂಟ್ಯೂಬ್‌ನಲ್ಲಿ ಫ್ರೀ ರೀಸೆಟರ್ ಇದೆ, ಹಾಕಲಾ? (ಹಾಸನ)

ಉತ್ತರ: ಬೇಡ. ಆಂಟಿವೈರಸ್ ಆಫ್ ಮಾಡಿ ಅಂತ ಹೇಳುವ ಯಾವ ಸಾಫ್ಟ್‌ವೇರನ್ನೂ ಬ್ಯಾಂಕ್ ಕೆಲಸ ಮಾಡುವ ಕಂಪ್ಯೂಟರಿಗೆ ಹಾಕಬೇಡಿ. ಹೆಡ್ ಕ್ಲೀನ್ ಮಾಡಿದಾಗ ಹೊರಬೀಳುವ ಇಂಕ್ ಪ್ರಿಂಟರಿನ ತಳದಲ್ಲಿರುವ ಸ್ಪಂಜಿಗೆ ಹೋಗುತ್ತದೆ. ರೀಸೆಟರ್ ಸೊನ್ನೆ ಮಾಡುವುದು ಸ್ಪಂಜಿಗೆ ಎಷ್ಟು ಇಂಕ್ ಹೋಗಿದೆ ಅನ್ನುವ ಲೆಕ್ಕವನ್ನು, ಸ್ಪಂಜು ಒದ್ದೆಯಾಗಿಯೇ ಇರುತ್ತದೆ. ಮತ್ತೆ ಮತ್ತೆ ರೀಸೆಟ್ ಮಾಡಿದರೆ ಒಂದು ದಿನ ಕಪ್ಪು ನೀರು ಮೇಜಿನ ಮೇಲೆ ಇಳಿಯುತ್ತದೆ. 200 ರೂಪಾಯಿಗೆ ರೀಸೆಟ್ ಮಾಡಿ ಪ್ಯಾಡ್ ಮುಟ್ಟದೆ ಕಳಿಸುವವರು ಮೆಕ್ಯಾನಿಕ್ ಅಲ್ಲ. ಪ್ಯಾಡ್ ಬದಲಾಯಿಸಿ, ಹಳೆಯದನ್ನು ಕಣ್ಣಾರೆ ನೋಡಿ, ಆಮೇಲೆ ದುಡ್ಡು ಕೊಡಿ.

ಪ್ರಶ್ನೆ: ವಾರಕ್ಕೆರಡು ಪುಟ ತೆಗೆಯುತ್ತೇವೆ, ಆದರೂ ಇಂಕ್ ಖಾಲಿ. (ಮೈಸೂರು)

ಉತ್ತರ: ಸ್ವಿಚ್‌ಬೋರ್ಡ್‌ನಲ್ಲಿ ಆಫ್ ಮಾಡುತ್ತೀರಿ, ಅಲ್ವಾ? ಪ್ರಿಂಟರಿನ ಬಟನ್ನಿನಲ್ಲೇ ಆಫ್ ಮಾಡಿ, ಆಗ ಹೆಡ್ ಮುಚ್ಚಿಕೊಳ್ಳುತ್ತದೆ. ಇಲ್ಲದಿದ್ದರೆ ಒಣಗುತ್ತದೆ, ಕ್ಲೀನಿಂಗಿಗೇ ಇಂಕ್ ಸುರಿಯುತ್ತದೆ.

ಪ್ರಶ್ನೆ: ಹೆಡ್ ಬ್ಲಾಕ್ ಆಗಿದೆ. ಥಿನ್ನರ್ ಹಾಕಬಹುದಾ? (ಹುಬ್ಬಳ್ಳಿ)

ಉತ್ತರ: ಹಾಕಬಾರದು. ನೇಲ್ ಪಾಲಿಶ್ ರಿಮೂವರ್ ಕೂಡ ಬೇಡ.

ಪ್ರಶ್ನೆ: ಅಮೆರಿಕದಲ್ಲಿದ್ದೇವೆ. ತಿಂಗಳ ಇಂಕ್ ಚಂದಾ ನಿಲ್ಲಿಸಿದೆವು. ಕಾರ್ಟ್ರಿಜ್ ತುಂಬಿದ್ದರೂ ಓಡುತ್ತಿಲ್ಲ. (ನ್ಯೂಜೆರ್ಸಿ)

ಉತ್ತರ: ಓಡುವುದಿಲ್ಲ. ಇಂಥ ಚಂದಾದಲ್ಲಿ ನೀವು ದುಡ್ಡು ಕೊಟ್ಟದ್ದು ಪುಟಗಳಿಗೆ, ಇಂಕಿಗಲ್ಲ. ಅಂಗಡಿಯಲ್ಲಿ ಸಿಗುವ ಮಾಮೂಲಿ ಕಾರ್ಟ್ರಿಜ್ ತಂದು ಹಾಕಿ.

ಪ್ರಶ್ನೆ: ಗೂಗಲ್‌ನಲ್ಲಿ ಸಿಕ್ಕ ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡಿದೆ. ಪ್ರಿಂಟರಿಗೆ ವೈರಸ್ ಬಂದಿದೆ ಅಂದರು, ಒಂದು ಆಪ್ ಹಾಕಿಸಿಕೊಂಡು 4,999 ಕೇಳುತ್ತಿದ್ದಾರೆ. (ಉಡುಪಿ)

ಉತ್ತರ: ಫೋನ್ ಇಡಿ. ಆ ಆಪ್ ಈಗಲೇ ತೆಗೆಯಿರಿ, ಬ್ಯಾಂಕ್ ಪಾಸ್‌ವರ್ಡ್ ಬದಲಾಯಿಸಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕಂಪನಿಯ ನಂಬರ್ ಬೇಕಾದರೆ ಪ್ರಿಂಟರ್ ಜೊತೆ ಬಂದ ವಾರಂಟಿ ಕಾರ್ಡ್‌ನಲ್ಲಿ ನೋಡಿ.