ಕತ್ತಲ ಕೋಣೆ ಇಲ್ಲದೆ ಮನೆಯಲ್ಲಿ ಕಪ್ಪು-ಬಿಳುಪು ಫಿಲ್ಮ್ ತೊಳೆಯಬಹುದಾ?

ಖಂಡಿತ ತೊಳೆಯಬಹುದು. ಬೆಂಗಳೂರಿನ ಸಣ್ಣ ಬಾಡಿಗೆ ಮನೆ, ಬಾತ್‌ರೂಮಿಗೂ ಕಿಟಕಿ ಇದೆ, ಕತ್ತಲು ಮಾಡೋದು ಹೇಗೆ ಅಂತ ಕೇಳಿದ್ದೀರಿ. ನಾನು ತೊಳೆಯೋದು ಅಡುಗೆಮನೆ ಸಿಂಕಿನಲ್ಲಿ, ಹಾಡುಹಗಲಲ್ಲಿ. ಫಿಲ್ಮನ್ನು ಟ್ಯಾಂಕಿಗೆ, ಅಂದರೆ ಬೆಳಕು ಒಳಗೆ ಹೋಗದ ಮುಚ್ಚಳದ ಡಬ್ಬಿಗೆ, ಹಾಕುವಾಗ ಮಾತ್ರ ಕತ್ತಲು ಬೇಕು. ಅದಕ್ಕೆ ಚೇಂಜಿಂಗ್ ಬ್ಯಾಗ್ ಸಾಕು. ತೋಳಿರುವ ಕಪ್ಪು ಚೀಲ ಅದು, ಕೈ ಒಳಗೆ ಹಾಕಿ ಕೆಲಸ ಮಾಡೋದು. ಟ್ಯಾಂಕಿನ ಮುಚ್ಚಳ ಬಿದ್ದ ಮೇಲೆ ಎಲ್ಲಾ ಬೆಳಕಿನಲ್ಲೇ.

ಸಿನಿಮಾದಲ್ಲಿ ತೋರಿಸುವ ಕೆಂಪು ಬಲ್ಬನ್ನು ಮರೆತುಬಿಡಿ. ಅದು ಪ್ರಿಂಟ್ ಹಾಕುವ ಪೇಪರಿಗೆ. ಎಚ್‌ಪಿ5, ಟ್ರೈ-ಎಕ್ಸ್ ತರಹದ ಫಿಲ್ಮಿಗೆ ಕೆಂಪು ಬೆಳಕೂ ಕಾಣುತ್ತದೆ. ಆ ಬಲ್ಬಿನ ಕೆಳಗೆ ಬಿಚ್ಚಿದರೆ ರೋಲು ಹಾಳು.

ನಿಜವಾಗಿ ಕಲಿಯಬೇಕಾದ ಕೈಕೆಲಸ ಅಂದರೆ ಫಿಲ್ಮನ್ನು ಸ್ಪೈರಲ್‌ಗೆ, ಅಂದರೆ ಟ್ಯಾಂಕಿನೊಳಗೆ ಕೂರುವ ಪ್ಲಾಸ್ಟಿಕ್ ಚಕ್ರಕ್ಕೆ, ಸುತ್ತೋದು. ಯಾವುದಾದರೂ ಹಳೇ ರೋಲನ್ನು ಇದಕ್ಕೇ ಅಂತ ಬಲಿ ಕೊಡಿ. ಮೊದಲು ನೋಡಿಕೊಂಡು ಸುತ್ತಿ, ಆಮೇಲೆ ಕಣ್ಣು ಮುಚ್ಚಿ, ಆಮೇಲೆ ಚೀಲದೊಳಗೆ. ತುದಿಯ ಎರಡೂ ಮೂಲೆಗಳನ್ನು ಕತ್ತರಿಯಿಂದ ಸ್ವಲ್ಪ ಓರೆ ಮಾಡಿ. ಚಕ್ರದ ಎರಡು ಬದಿಗಳನ್ನು ಹಿಂದೆ ಮುಂದೆ ತಿರುಗಿಸುತ್ತಾ ಹೋದರೆ ಫಿಲ್ಮ್ ತಾನೇ ಒಳಗೆ ಹೋಗುತ್ತದೆ. ಕೈಗೆ ಬಿಗಿ ಅನ್ನಿಸಿತೋ, ಒತ್ತಬೇಡಿ. ಫಿಲ್ಮ್ ಹಳಿ ತಪ್ಪಿರುತ್ತದೆ, ಸ್ವಲ್ಪ ಹಿಂದಕ್ಕೆ ಎಳೆದು ಮತ್ತೆ ಶುರು ಮಾಡಿ. ಚಕ್ರದಲ್ಲಿ ಒಂದು ಹನಿ ತೇವ ಇದ್ದರೂ ಅಂಟಿಕೊಳ್ಳುತ್ತದೆ. ಏಪ್ರಿಲ್ ಮೇನಲ್ಲಂತೂ ಚೀಲದೊಳಗೆ ಕೈ ಬೆವರಿ ಸಾಕಾಗಿಹೋಗುತ್ತೆ. ಆಗ ಎಲ್ಲವನ್ನೂ ಟ್ಯಾಂಕಿನೊಳಗೆ ಇಟ್ಟು, ಮುಚ್ಚಳ ಹಾಕಿ, ಕೈ ತೆಗೆದು ಫ್ಯಾನ್ ಕೆಳಗೆ ಕೂತು ಒಂದು ಕಾಫಿ ಕುಡಿದು ಬನ್ನಿ. ನಡುವಿನ ಕಪ್ಪು ಕೊಳವೆಯನ್ನು ಮಾತ್ರ ಮರೆಯಬೇಡಿ. ಅದಿಲ್ಲದಿದ್ದರೆ ಮುಚ್ಚಳದ ಬಾಯಿಂದ ಬೆಳಕು ನೇರ ಒಳಗೆ ಬರುತ್ತದೆ.

ಡೆವಲಪರ್‌ಗೆ, ಅಂದರೆ ಫಿಲ್ಮಿನಲ್ಲಿ ಚಿತ್ರ ಮೂಡಿಸುವ ದ್ರಾವಣಕ್ಕೆ, ಡಿ-76 ತಗೊಳ್ಳಿ. ಕೊಡಾಕ್‌ನವರು 1927ರಲ್ಲಿ ತಂದದ್ದು, ಸೂತ್ರ ಎಲ್ಲರಿಗೂ ಗೊತ್ತಿರುವಂಥದ್ದೇ. ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಪ್ಯಾಕೆಟ್ ಸಿಗದಿದ್ದರೆ ಮುಂದೆ ನೀವೇ ಬೆರೆಸಿಕೊಳ್ಳಬಹುದು, ಆದರೆ ಗ್ಲೌಸ್ ಹಾಕಿಕೊಂಡೇ. ಮೆಟಾಲ್ ಕೆಲವರ ಚರ್ಮಕ್ಕೆ ಆಗಿಬರೋದಿಲ್ಲ.

ನಮ್ಮ ಕಡೆ ತಲೆನೋವು ಅಂದರೆ ಶಾಖ. ಎಷ್ಟು ನಿಮಿಷ ಡೆವಲಪ್ ಮಾಡಬೇಕು ಅನ್ನೋ ಕೋಷ್ಟಕಗಳೆಲ್ಲ 20 ಡಿಗ್ರಿಗೆ ಬರೆದಿರುತ್ತವೆ, ನಮ್ಮ ನಲ್ಲಿ ನೀರು ವರ್ಷದ ಬಹುಪಾಲು ಅದಕ್ಕಿಂತ ಬೆಚ್ಚಗಿರುತ್ತೆ. ಡಿ-76ಕ್ಕೆ ಅಷ್ಟೇ ನೀರು ಬೆರೆಸಿದರೆ ಎಚ್‌ಪಿ5ಗೆ 20 ಡಿಗ್ರಿಯಲ್ಲಿ 11 ನಿಮಿಷ, 24ರಲ್ಲಿ ಹೆಚ್ಚುಕಡಿಮೆ ಏಳೂವರೆ. ಬೆರೆಸದೆ ಬಳಸಿದರೆ 24ರಲ್ಲಿ ಐದೇ ನಿಮಿಷಕ್ಕೆ ಬಂದು ನಿಲ್ಲುತ್ತದೆ. ಅದಕ್ಕಿಂತ ಕಡಿಮೆಯಾದರೆ ಕಲೆಕಲೆಯಾಗಿ ಏಳುತ್ತದೆ, ಅದಕ್ಕೇ ನೀರು ಬೆರೆಸೋದು ಒಳ್ಳೇದು. ಟಬ್ಬಿನಲ್ಲಿ ಐಸ್ ನೀರು ಹಾಕಿ ಬಾಟಲಿಗಳನ್ನು ನಿಲ್ಲಿಸಿ, ಥರ್ಮಾಮೀಟರ್ ನೋಡುತ್ತಾ ಇಳಿಸಿ. ಪ್ರತಿ ನಿಮಿಷದ ಶುರುವಿನಲ್ಲಿ ಹತ್ತು ಸೆಕೆಂಡ್ ಟ್ಯಾಂಕನ್ನು ಮೆಲ್ಲಗೆ ತಲೆಕೆಳಗು ಮಾಡಿ, ಆಮೇಲೆ ಗುಳ್ಳೆ ಬಿಡೋಕೆ ಒಂದು ಸಲ ತಟ್ಟಿ.

ಆಮೇಲೆ ಸ್ಟಾಪ್, ಅಂದರೆ ಡೆವಲಪರ್ ಕೆಲಸ ನಿಲ್ಲಿಸೋದು, ಅದಕ್ಕೆ ಬರೀ ನೀರಾದರೂ ನಡೆಯುತ್ತೆ. ಕೊನೆಗೆ ಫಿಕ್ಸರ್, ಚಿತ್ರ ಬೆಳಕಿಗೆ ಹಾಳಾಗದಂತೆ ಉಳಿಸುವ ದ್ರಾವಣ. ಅದು ಕೆಲಸ ಮಾಡುತ್ತಾ ಅನ್ನೋ ಅನುಮಾನ ಇದ್ದರೆ ಕತ್ತರಿಸಿದ ಫಿಲ್ಮ್ ತುಂಡನ್ನು ಅದರಲ್ಲಿ ಮುಳುಗಿಸಿ. ಹಾಲಿನಂತೆ ಮಬ್ಬಾಗಿರೋದು ತಿಳಿಯಾಗೋಕೆ ಎಷ್ಟು ಹೊತ್ತು ಹಿಡಿಯಿತೋ ಅದರ ಎರಡರಷ್ಟು ಫಿಕ್ಸ್ ಮಾಡಿ. ಚೆನ್ನಾಗಿ ತೊಳೆದು, ಕೊನೆಯ ನೀರು ಮಾತ್ರ ಡಿಸ್ಟಿಲ್ಡ್ ಇರಲಿ. ಬೋರ್‌ವೆಲ್ ನೀರು ಒಣಗಿದ ಮೇಲೆ ಬಿಳಿ ಕಲೆ ಬಿಡುತ್ತೆ.

ಒಂದಷ್ಟು ದಿನ ಫಿಲ್ಮ್, ಡೆವಲಪರ್ ಯಾವುದನ್ನೂ ಬದಲಿಸಬೇಡಿ. ನೆಗೆಟಿವ್ ತೆಳುವಾಗಿ ಬಂದರೆ ಅಂಚಿನ ನಂಬರುಗಳನ್ನು ನೋಡಿ. ಅವು ಕಾರ್ಖಾನೆಯಲ್ಲೇ ಮೂಡಿಸಿರುವಂಥವು, ನಿಮ್ಮ ಕ್ಯಾಮೆರಾಗೂ ಅದಕ್ಕೂ ಸಂಬಂಧ ಇಲ್ಲ. ನಂಬರೂ ಮಸುಕಾಗಿದ್ದರೆ ಡೆವಲಪ್ ಸಾಲದು. ನಂಬರು ಗಟ್ಟಿಯಾಗಿದ್ದು ಚಿತ್ರ ಮಾತ್ರ ತೆಳುವಾಗಿದ್ದರೆ ತೆಗೆಯುವಾಗಲೇ ಬೆಳಕು ಸಾಲಲಿಲ್ಲ, ತೊಳೆದ ರೀತಿಯಲ್ಲಿ ತಪ್ಪಿಲ್ಲ.