ಸಂಪಾದಕರ ಉತ್ತರ: ಹೂಂಗುಟ್ಟುವವರು ಬೇಕು

ಗದಗ-ಬೆಟಗೇರಿಯಿಂದ ಒಬ್ಬ ತಾಯಿ ಬರೆದಿದ್ದಾರೆ: ‘ಕಾಲೇಜಿಗೆ ಹೋಗುವ ನನ್ನ ಮಗ ಚರ್ಚಿನ ಭಾನುವಾರದ ಆರಾಧನೆಗೆ ಬರಲು ಒಪ್ಪುತ್ತಿಲ್ಲ. “ವಾರಾ ವಾರಾ ಅದೇ ಪ್ರಾರ್ಥನಾ, ಅದೇ ಉತ್ತರ. ಹೊಸದು ಅಂದ್ರ ಪ್ರಸಂಗ ಒಂದೇ. ಅದನ್ನ ಫೋನಿನ್ಯಾಗ ಕೇಳ್ತೀನಿ ಬಿಡವ್ವಾ” ಅನ್ನುತ್ತಾನೆ. ಏಳುವುದು, ಕೂರುವುದು, ಕೈ ಕೊಡುವುದು, ಇದಕ್ಕೆಲ್ಲ ಅರ್ಥ ಏನು ಅಂತ ಕೇಳಿದ. ನಲವತ್ತು ವರ್ಷದಿಂದ ಮಾಡುತ್ತಿದ್ದರೂ ನನಗೆ ಹೇಳಲು ಬರಲಿಲ್ಲ. ನಾಚಿಕೆಯಾಯಿತು. ಆಶೀರ್ವಾದಕ್ಕೆ ಮೊದಲೇ ಎದ್ದು ಹೋಗುವವರನ್ನು ತೋರಿಸಿ, “ಅವರಿಗೂ ಗೊತ್ತಿಲ್ಲ” ಅಂದ. ದಯವಿಟ್ಟು ತಿಳಿಸಿ.’

ಕರ್ತನಲ್ಲಿ ಪ್ರಿಯ ಸಹೋದರಿಯವರೇ,

ನಾಚಿಕೆಪಡಬೇಡಿ. ಚಿಕ್ಕಂದಿನಿಂದ ಮಾಡಿಕೊಂಡು ಬಂದದ್ದಕ್ಕೆ ಅರ್ಥ ಕೇಳಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ. ನಿಮ್ಮ ಮಗನಿಗೆ ಹೊಳೆಯಿತು. ನನಗೆ ಅದು ಸಂತೋಷದ ಸಂಗತಿ.

ಅವನು ಹೇಳಿದ್ದರಲ್ಲಿ ಒಂದು ಮಾತು ನಿಜ. ಪ್ರಸಂಗವನ್ನು, ಅಂದರೆ ಸಭಾಪಾಲಕರ ಉಪದೇಶವನ್ನು, ಫೋನಿನಲ್ಲಿ ಕೇಳಬಹುದು. ಕೇಳುವುದಷ್ಟೇ ಕೆಲಸವಾಗಿದ್ದರೆ ಬೆಟಗೇರಿಯಾದರೇನು, ಬೆಡ್‌ರೂಮಾದರೇನು? ಆದರೆ ಆರಾಧನೆಯಲ್ಲಿ ಸಭೆಯ ಪಾಲಿನ ಮಾತು ಅಂತ ಒಂದಿದೆ. ಅದನ್ನು ಫೋನು ಹೇಳುವುದಿಲ್ಲ.

ನನ್ನ ಅಜ್ಜಿ ರಾತ್ರಿ ಕಥೆ ಹೇಳುತ್ತಿದ್ದಳು. ನಾವು ಹೂಂಗುಟ್ಟಬೇಕು. ಒಂದು ಸಲ ‘ಹೂಂ’ ಬರಲಿಲ್ಲ ಅಂದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ರಾಜಕುಮಾರ ಕಾಡಿನಲ್ಲಿದ್ದರೆ ಕಾಡಿನಲ್ಲೇ ಉಳಿದ. ಚರ್ಚಿನಲ್ಲಿ ನಾವು ಹೇಳುವ ‘ಆಮೆನ್’ ಆ ಹೂಂ ಇದ್ದ ಹಾಗೆ. ಅದು ಹೀಬ್ರೂ ಮಾತು. ಗಟ್ಟಿ, ನಂಬಬಹುದಾದದ್ದು ಅನ್ನುವ ಅರ್ಥದ ಬೇರಿನಿಂದ ಬಂದದ್ದು. ‘ಹೌದು, ಹಾಗೇ ಆಗಲಿ, ಇದು ನನ್ನ ಮಾತೂ ಹೌದು’ ಅಂತ ಸಭೆ ಒಪ್ಪಿಕೊಳ್ಳುವುದು. ಅಪೊಸ್ತಲ ಪೌಲನು ಕೊರಿಂಥದ ಸಭೆಯವರಿಗೆ ಬರೆದ ಪತ್ರದಲ್ಲಿ ಇದನ್ನೇ ಕೇಳುತ್ತಾನೆ: ನೀನು ಮಾಡಿದ ಸ್ತೋತ್ರ ಪಕ್ಕದವನಿಗೆ ಅರ್ಥವಾಗದಿದ್ದರೆ ಅವನು ಆಮೆನ್ ಹೇಗೆ ಹೇಳಿಯಾನು? ರೋಮಿನ ಸಭೆಗಳಲ್ಲಿ ಆಮೆನ್ ಗುಡುಗಿನ ಹಾಗೆ ಕೇಳುತ್ತಿತ್ತು ಅಂತ ನಾಲ್ಕನೆಯ ಶತಮಾನದ ಬೈಬಲ್ ಪಂಡಿತ ಜೆರೋಮ್ ಬರೆದಿದ್ದಾನೆ. ನಮ್ಮ ಅನೇಕ ಸಭೆಗಳಲ್ಲಿ ಈಗ ಅದನ್ನು ಸಭಾಪಾಲಕರೇ ಹೇಳಿಕೊಳ್ಳಬೇಕಾಗಿದೆ. ನನಗೆ ಇದು ನೋವಿನ ವಿಷಯ.

ಈ ಕ್ರಮ ಎಲ್ಲಿಂದ ಬಂತು? ಸುಮಾರು ಕ್ರಿ.ಶ. 155ರಲ್ಲಿ ಜಸ್ಟಿನ್ ಎಂಬ ಕ್ರೈಸ್ತ ಗುರು ರೋಮಿನ ಚಕ್ರವರ್ತಿಗೆ ಒಂದು ದೀರ್ಘ ಮನವಿ ಬರೆದ. ಕ್ರೈಸ್ತರು ಭಾನುವಾರ ಏನು ಮಾಡುತ್ತಾರೆ ಅಂತ ಅದರಲ್ಲಿ ವಿವರಿಸಿದ್ದಾನೆ. ಊರಿನವರೂ ಹಳ್ಳಿಯವರೂ ಒಂದು ಕಡೆ ಸೇರುತ್ತಾರೆ. ಅಪೊಸ್ತಲರ ಬರಹಗಳನ್ನೋ ಪ್ರವಾದಿಗಳ ಬರಹಗಳನ್ನೋ ಹೊತ್ತು ಸಾಲುವಷ್ಟು ಓದುತ್ತಾರೆ. ಮುಖ್ಯಸ್ಥ ಬುದ್ಧಿ ಹೇಳುತ್ತಾನೆ. ಎಲ್ಲರೂ ಎದ್ದು ನಿಂತು ಪ್ರಾರ್ಥಿಸುತ್ತಾರೆ. ರೊಟ್ಟಿ, ದ್ರಾಕ್ಷಾರಸ ತರುತ್ತಾರೆ. ಮುಖ್ಯಸ್ಥ ಸ್ತೋತ್ರ ಮಾಡಿದಾಗ ಜನ ‘ಆಮೆನ್’ ಅನ್ನುತ್ತಾರೆ. ಬಾರದೆ ಇದ್ದವರಿಗೆ ಪಾಲು ಮನೆಗೆ ಕಳಿಸುತ್ತಾರೆ. ಇಷ್ಟೆಲ್ಲ 1850 ವರ್ಷಕ್ಕೂ ಹಿಂದೆ! ಬರುವ ಭಾನುವಾರ ನೀವು ಬೆಟಗೇರಿಯಲ್ಲಿ ಮಾಡುವುದೂ ಇದನ್ನೇ ಅಲ್ವಾ?

ಇದಕ್ಕೂ ಹಿಂದೆ ಹೋದರೆ ಲೂಕನ ಸುವಾರ್ತೆಯ 24ನೆಯ ಅಧ್ಯಾಯ ಸಿಗುತ್ತದೆ. ಯೇಸುವನ್ನು ಶಿಲುಬೆಗೆ ಹಾಕಿದ ಮೇಲೆ ಅವನ ಇಬ್ಬರು ಶಿಷ್ಯರು ಯೆರೂಸಲೇಮಿನಿಂದ ಎಮ್ಮಾಹು ಎಂಬ ಹಳ್ಳಿಗೆ ಸೋತ ಮುಖದಲ್ಲಿ ನಡೆದು ಹೋಗುತ್ತಿದ್ದಾರೆ. ಮತ್ತೆ ಎದ್ದ ಯೇಸು ಜೊತೆಗೂಡಿ ದಾರಿಯುದ್ದಕ್ಕೂ ಶಾಸ್ತ್ರ ಬಿಡಿಸಿ ಹೇಳುತ್ತಾನೆ. ಅವರಿಗೆ ಗುರುತು ಹತ್ತುವುದಿಲ್ಲ. ಸಂಜೆ ಊಟಕ್ಕೆ ಕೂತು ರೊಟ್ಟಿ ಮುರಿದಾಗ ಕಣ್ಣು ತೆರೆಯುತ್ತದೆ. ಆ ಕತ್ತಲಲ್ಲೇ ಯೆರೂಸಲೇಮಿಗೆ ವಾಪಸ್ ಹೊರಡುತ್ತಾರೆ. ಮೊದಲು ವಾಕ್ಯ, ಆಮೇಲೆ ಮೇಜು, ಆಮೇಲೆ ದಾರಿ. ನಮ್ಮ ಆರಾಧನೆಯ ಕ್ರಮವೂ ಇದೇ. ಒಂದು ಸೂಕ್ಷ್ಮ ಗಮನಿಸಿ. ಸ್ವತಃ ಯೇಸುವೇ ಪ್ರಸಂಗ ಮಾಡಿದರೂ ಅವರಿಗೆ ಗುರುತು ಸಿಗಲಿಲ್ಲ. ‘ಪ್ರಸಂಗ ಒಂದೇ ಸಾಕು’ ಅನ್ನುವ ನಿಮ್ಮ ಮಗನಿಗೆ ಈ ಭಾಗ ಓದಿಸಿ.

ಇನ್ನು ಏಳುವುದು, ಕೂರುವುದು. ವಾಕ್ಯ ಕೇಳಲು ಕೂರುತ್ತೇವೆ, ಕಲಿಯುವವರು ಕೂರುವ ಹಾಗೆ. ಪಾಪದ ಅರಿಕೆಗೆ ಮೊಣಕಾಲೂರುತ್ತೇವೆ, ಇಲ್ಲವೇ ತಲೆ ಬಗ್ಗಿಸುತ್ತೇವೆ. ನಿಲ್ಲುವುದಕ್ಕೆ ಹಳೆಯ ಕಾರಣ ಒಂದಿದೆ. 325ರಲ್ಲಿ ಈಗಿನ ಟರ್ಕಿಯ ನಿಕಾಯ ಎಂಬ ಊರಿನಲ್ಲಿ ಸೇರಿದ ಬಿಷಪ್ಪರು, ಭಾನುವಾರ ಎಲ್ಲರೂ ನಿಂತೇ ಪ್ರಾರ್ಥಿಸಬೇಕು ಅಂತ ನಿಯಮ ಮಾಡಿದರು. ಯಾಕೆಂದರೆ ಭಾನುವಾರ ಕರ್ತನು ಸಮಾಧಿಯಿಂದ ಎದ್ದ ದಿನ. ನೀವು ಬೆಂಚು ಹಿಡಿದುಕೊಂಡು ಏಳುತ್ತೀರಲ್ಲ, ಮಂಡಿ ನೋವು ಇದ್ದರೂ, ಆಗ ನಿಮ್ಮ ಮೈ ‘ಆತನು ಎದ್ದಿದ್ದಾನೆ’ ಅಂತ ಹೇಳುತ್ತಿರುತ್ತದೆ.

ಪಾಪದ ಅರಿಕೆಯಲ್ಲಿ ‘ನಾನು’ ಇಲ್ಲ, ‘ನಾವು’ ಇದೆ. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅನ್ನುವಲ್ಲೂ ಹಾಗೆಯೇ. ಒಬ್ಬರೇ ಮನೆಯಲ್ಲಿ ಕೂತು ಹೇಳಿದರೂ ಅದು ಬಹುವಚನವೇ. ಉಳಿದವರು ಎಲ್ಲಿ ಅಂತ ಆ ಪ್ರಾರ್ಥನೆಯೇ ಕೇಳುತ್ತದೆ. ಅರಿಕೆ ಮುಗಿದ ಮೇಲೆ ಸಭಾಪಾಲಕರು ದೇವರ ಕ್ಷಮೆಯ ಮಾತನ್ನು ಸಾರುತ್ತಾರೆ. ತಡವಾಗಿ ಬರುವವರು ಸಾಮಾನ್ಯವಾಗಿ ಕಳೆದುಕೊಳ್ಳುವುದು ಇದನ್ನೇ. ವಾರವೆಲ್ಲ ಎದೆಯಲ್ಲಿ ಭಾರ ಹೊತ್ತು ಬರುತ್ತೇವೆ, ಇಳಿಸುವ ಹೊತ್ತಿಗೆ ಹೊರಗೆ ಸ್ಕೂಟರ್ ನಿಲ್ಲಿಸುತ್ತಿರುತ್ತೇವೆ.

ಕೈ ಕೊಡುವುದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಬೇರೆ ಬೇರೆ ಪಂಗಡಗಳು ಕೂಡಿ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಹುಟ್ಟಿತು. 1950ರಲ್ಲಿ ಅದು ಕರ್ತನ ಭೋಜನಕ್ಕೆ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಗೆ, ತನ್ನದೇ ಆದ ಕ್ರಮ ರೂಪಿಸಿಕೊಂಡಿತು. ಆಗ ಕೇರಳದ ಸಿರಿಯನ್ ಕ್ರೈಸ್ತರಿಂದ, ಕೈ ಕೊಟ್ಟು ಒಬ್ಬರಿಗೊಬ್ಬರು ‘ಸಮಾಧಾನ’ ಕೊಡುವ ಈ ರೂಢಿಯನ್ನು ತೆಗೆದುಕೊಂಡರು. ಕೊಡುವವರು ತಮ್ಮ ಬಲ ಅಂಗೈಯನ್ನು ಪಡೆಯುವವರ ಬಲ ಅಂಗೈಗೆ ಸೇರಿಸುತ್ತಾರೆ. ಆಮೇಲೆ ಇಬ್ಬರೂ ಎಡಗೈಯಿಂದ ಎದುರಿನವರ ಬಲಗೈಯನ್ನು ಮುಚ್ಚುತ್ತಾರೆ. ಸಮಾಧಾನ ಮೇಜಿನ ಹತ್ತಿರ ಶುರುವಾಗಿ, ಕೈಯಿಂದ ಕೈಗೆ, ಬೆಂಚಿನಿಂದ ಬೆಂಚಿಗೆ, ಬಾಗಿಲವರೆಗೆ ಹೋಗುತ್ತದೆ. ಇದಾದ ಮೇಲೆಯೇ ಕಾಣಿಕೆ, ರೊಟ್ಟಿ. ಆ ಕ್ರಮಕ್ಕೆ ಕಾರಣ ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯ. ಕಾಣಿಕೆ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನೊಂದಿಗೆ ಒಂದಾಗು ಅಂದನು ಯೇಸು.

ನನ್ನ ಅನುಭವ ಒಂದು ಹೇಳುತ್ತೇನೆ. ಆಸ್ತಿ ಪಾಲಿನ ವಿಷಯದಲ್ಲಿ ನನಗೂ ನನ್ನ ಅಣ್ಣನಿಗೂ ಮಾತು ನಿಂತಿತ್ತು. ಒಂದೇ ಚರ್ಚು. ಅವನು ಎಡಗಡೆ ಕೂತರೆ ನಾನು ಬಲಗಡೆ. ಒಂದು ಭಾನುವಾರ ಮಳೆ, ಜನ ಕಡಿಮೆ. ಎಲ್ಲರೂ ಮುಂದೆ ಬನ್ನಿ ಅಂದರು. ಅಣ್ಣ ನನ್ನ ಮುಂದಿನ ಬೆಂಚಿಗೆ ಬಂದ. ಸಮಾಧಾನ ಅವನ ಕೈಗೆ ಬಂತು. ಅವನು ತಿರುಗಿದ. ಹಿಂದೆ ನಾನೊಬ್ಬನೇ. ಇಬ್ಬರ ಕೈಯೂ ತಣ್ಣಗಿತ್ತು. ಅವನು ಮುಖ ನೋಡಲಿಲ್ಲ, ನಾನೂ ನೋಡಲಿಲ್ಲ. ಆದರೂ ಕೈ ಕೊಟ್ಟ, ನಾನು ತೆಗೆದುಕೊಂಡೆ. ಕೋರ್ಟಿನ ಕೇಸು ಆಮೇಲೂ ಎರಡು ವರ್ಷ ನಡೆಯಿತು. ಆದರೆ ಆವತ್ತು ಮಧ್ಯಾಹ್ನ ಅತ್ತಿಗೆ ನಮ್ಮ ಮನೆಗೆ ಊಟದ ಡಬ್ಬಿ ಕಳಿಸಿದರು. ಅಷ್ಟು ದಿನ ನಾನು ಈ ಕೈ ಕೊಡುವುದನ್ನು ಸುಮ್ನೆ ಒಂದು ನಮಸ್ಕಾರ ಅಂದುಕೊಂಡಿದ್ದೆ.

ಕಾಣಿಕೆಯ ತಟ್ಟೆಯ ಬಗ್ಗೆ ಒಂದೇ ಮಾತು. ಜಸ್ಟಿನ್ ಹೇಳುವ ಪ್ರಕಾರ ಆಗ ಕೂಡಿದ ಹಣ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ, ಪರಊರಿನವರಿಗೆ ಹೋಗುತ್ತಿತ್ತು. ನಮ್ಮ ಸಭೆಗಳ ಲೆಕ್ಕಪತ್ರ ನೋಡುವಾಗ ಈ ಪಟ್ಟಿ ಪಕ್ಕದಲ್ಲಿರಬೇಕು.

ಕೊನೆಯದಾಗಿ ಆಶೀರ್ವಾದ. 1979ರಲ್ಲಿ ಯೆರೂಸಲೇಮಿನ ಕೆತೆಫ್ ಹಿನ್ನೋಮ್ ಎಂಬಲ್ಲಿ ಒಂದು ಹಳೆಯ ಸಮಾಧಿಯನ್ನು ಅಗೆದಾಗ ಎರಡು ಪುಟ್ಟ ಬೆಳ್ಳಿ ಸುರುಳಿಗಳು ಸಿಕ್ಕವು. ತಾಯಿತದ ಹಾಗೆ ಮೈಮೇಲೆ ಧರಿಸುತ್ತಿದ್ದಿರಬೇಕು. ಬಹಳ ಜೋಪಾನವಾಗಿ ಬಿಚ್ಚಿ ನೋಡಿದರೆ ಒಳಗೆ ಕೊರೆದಿದ್ದ ಮಾತುಗಳು ಬೈಬಲಿನ ಅರಣ್ಯಕಾಂಡದ 6ನೆಯ ಅಧ್ಯಾಯದವು: ಕರ್ತನು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ, ತನ್ನ ಮುಖದ ಬೆಳಕನ್ನು ನಿನ್ನ ಮೇಲೆ ಬೀರಲಿ, ನಿನಗೆ ಸಮಾಧಾನ ಕೊಡಲಿ. ಸುಮಾರು 2600 ವರ್ಷ ಹಿಂದೆ ಯಾರೋ ಈ ಮಾತನ್ನು ಬೆಳ್ಳಿಯಲ್ಲಿ ಸುತ್ತಿ ಸಮಾಧಿಯವರೆಗೆ ಜೊತೆಯಲ್ಲಿ ಇಟ್ಟುಕೊಂಡಿದ್ದರು. ಗಾಡಿ ತೆಗೆಯಲು ತೊಂದರೆ ಅಂತ ನಮ್ಮವರು ಬಿಟ್ಟು ಹೋಗುವುದು ಇದೇ ಮಾತನ್ನು. ಅವರನ್ನು ತಡೆಯಲು ನನ್ನಿಂದ ಆಗದು. ಇದನ್ನು ಓದಿ ಒಬ್ಬರಾದರೂ ನಿಂತರೆ ನನಗೆ ಸಂತೋಷ.

ಮಗನಿಗೆ ಇಷ್ಟನ್ನೂ ಒಂದೇ ಸಲ ಹೇಳಬೇಡಿ. ಒಂದು ಭಾನುವಾರ, ನನಗೋಸ್ಕರ ಬಾ ಅಂತ ಕರೆಯಿರಿ. ಮೊದಲ ಗಂಟೆಗೇ ಹೊರಡಿ. ಅವನನ್ನು ನಡುದಾರಿಯ ಪಕ್ಕ, ಬೆಂಚಿನ ತುದಿಯಲ್ಲಿ ಕೂರಿಸಿ. ಸಮಾಧಾನ ಅಲ್ಲಿಗೆ ಬಂದಾಗ ಹಿಂದಿನ ಬೆಂಚಿನವರಿಗೆ ಅವನೇ ಕೊಡಬೇಕಾಗುತ್ತದೆ.

ಸಂಪಾದಕ