ವರ್ಷಗಟ್ಟಲೆ ಕಾದ್ರೂ ಏನೂ ಬದಲಾಗದಿದ್ರೆ, ದೇವರು ನಂಬಿಗಸ್ತ ಅಂತ ಹೇಗೆ ನಂಬೋದು?

ನೀವು ಬರೆದಿದ್ದು ನನಗೆ ಅರ್ಥ ಆದ ಮಟ್ಟಿಗೆ ಇಷ್ಟು: ವ್ಯಾಪಾರ ಮುಳುಗಿ ಊರು ಬಿಟ್ಟು ವರ್ಷಗಳಾಗಿವೆ, ಪ್ರಾರ್ಥನೆಗೆ ಉತ್ತರ ಬಂದಿಲ್ಲ, ನಿಮ್ಮ ಪಾಸ್ಟರ್ "ಇಸ್ರಾಯೇಲ್ಯರು ಬಾಬೆಲಿನ ಸೆರೆಯಿಂದ ವಾಪಸ್ ಬಂದ್ರಲ್ಲ, ಅದನ್ನ ಓದಿ, ಧೈರ್ಯ ಬರುತ್ತೆ" ಅಂದ್ರು, ಓದಿದ್ರೆ ನಿಮಗೆ ಇನ್ನೂ ಭಯ ಆಯ್ತು. ಭಯ ಆಗಿದ್ದು ಸಹಜ ರೀ, ನೀವು ಸರಿಯಾಗೇ ಓದಿದ್ದೀರ ಅಂತ ಅರ್ಥ.

ಜನವರಿ ಒಂದನೇ ತಾರೀಕು ಚರ್ಚಲ್ಲಿ ವಾಗ್ದಾನ ಕಾರ್ಡ್ ಕೊಡ್ತಾರಲ್ಲ, ಅದರಲ್ಲಿ ಯೆರೆಮೀಯ 29:11 ಬರದೇ ಇರೋ ವರ್ಷ ಇಲ್ಲ, ಬಾಬೆಲಿಗೆ ಸೆರೆ ಹೋದವರಿಗೆ ಪ್ರವಾದಿ ಯೆರೆಮೀಯ ಯೆರೂಸಲೇಮಿಂದ ಬರೆದ ಪತ್ರದ ಮಾತು ಅದು, ನಿಮಗೆ ಒಳ್ಳೇದು ಮಾಡೋ ಯೋಚನೆ ನನಗಿದೆ, ಮುಂದಕ್ಕೆ ನಿರೀಕ್ಷೆ ಇದೆ ಅನ್ನೋ ವಚನ. ಆದ್ರೆ ಅದರ ಹಿಂದಿನ ವಚನ, 10ನೇದು, ಯಾವ ಕಾರ್ಡಲ್ಲೂ ಪ್ರಿಂಟ್ ಆಗಲ್ಲ, ಬಾಬೆಲಿಗೆ 70 ವರ್ಷ ತುಂಬಿದ ಮೇಲೆ ನಿಮ್ಮನ್ನ ವಾಪಸ್ ಕರ್ಕೊಂಡು ಬರ್ತೀನಿ ಅಂತ ಇದೆ ಅಲ್ಲಿ. ಆ ಪತ್ರ ಕೈಗೆ ಬಂದಾಗ ನಲವತ್ತು ದಾಟಿದ್ದ ಒಬ್ಬ ಮನುಷ್ಯನ್ನ ನೆನೆಸ್ಕೊಳ್ಳಿ, ಅವನಿಗೆ ಅದರ ಅರ್ಥ ನೀನು ಇಲ್ಲೇ ಸಾಯ್ತೀಯ ಅಂತ.

ಇದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಅಂತ ಒಬ್ಬ ಪ್ರವಾದಿ ಬರ್ತಾನೆ. ಎರಡೇ ವರ್ಷ, ಎಲ್ಲಾ ವಾಪಸ್ ಬರುತ್ತೆ, ದೇವಾಲಯದ ಪಾತ್ರೆಗಳೂ ಬರ್ತವೆ, ರಾಜನೂ ಬರ್ತಾನೆ ಅಂತ ಎಲ್ಲರ ಮುಂದೆ ಸಾರಿ, ಬಾಬೆಲಿಗೆ ತಲೆಬಾಗಿ ಅನ್ನೋದರ ಗುರುತಾಗಿ ಯೆರೆಮೀಯ ಕುತ್ತಿಗೆ ಮೇಲೆ ಹೊತ್ತಿದ್ದ ನೊಗನ ಮುರಿದು ಹಾಕ್ತಾನೆ. ಯೆರೆಮೀಯ ಮೊದಲು ಹೇಳಿದ್ದು ಏನು ಗೊತ್ತಾ, ಆಮೆನ್, ಹಾಗೇ ಆಗ್ಲಿ ಅಂತ. ಅವನಿಗೂ ಅದೇ ಆಸೆ ಇತ್ತು ಪಾಪ. ಆದ್ರೆ ಅದು ದೇವರ ಮಾತಾಗಿರ್ಲಿಲ್ಲ. ಇವತ್ತು ಯೂಟ್ಯೂಬಲ್ಲಿ "ಈ ತಿಂಗಳೊಳಗೆ ನಿಮ್ಮ ಬಾಗಿಲು ತೆರೆಯುತ್ತೆ" ಅನ್ನೋವ್ರನ್ನ ಕೇಳಿದಾಗೆಲ್ಲ ನನಗೆ ಹನನ್ಯನೇ ನೆನಪಾಗೋದು, ಸ್ವಲ್ಪ ಖಾರವಾಗಿ ಹೇಳಿದೆ ಅನ್ಸಿದ್ರೆ ಕ್ಷಮಿಸಿ.

ಇಸವಿಗಳನ್ನ ಒಂದು ಸಲ ನೋಡ್ಕೊಂಡ್ಬಿಡಿ, ಓದೋಕೆ ಸುಲಭ ಆಗುತ್ತೆ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆಹೂದದ ಎಳೇ ವಯಸ್ಸಿನ ಅರಸ ಯೆಹೋಯಾಖೀನನ್ನ, ಜೊತೆಗೆ ಕುಶಲಕರ್ಮಿಗಳನ್ನ ಬಾಬೆಲಿಗೆ ಎತ್ತಾಕೊಂಡು ಹೋದ. ಸುಮಾರು 586ರಲ್ಲಿ ಯೆರೂಸಲೇಮನ್ನೂ ದೇವಾಲಯವನ್ನೂ ಸುಟ್ಟ. 539ರಲ್ಲಿ ಪಾರಸಿಯ ಅರಸ ಕೋರೆಷ ಬಾಬೆಲನ್ನ ಹಿಡಿದ, ಮರುವರ್ಷ ಯೆಹೂದ್ಯರಿಗೆ ಊರಿಗೆ ಹೋಗೋಕೆ ಅನುಮತಿ ಸಿಕ್ತು, ದೇವಾಲಯ ಮತ್ತೆ ಕಟ್ಟಿ ಮುಗಿಸಿದ್ದು ಸುಮಾರು 515ಕ್ಕೆ.

ನನಗೆ ಇದರಲ್ಲಿ ಎಲ್ಲಕ್ಕಿಂತ ಹೆಚ್ಚು ಹಿಡಿದಿಟ್ಟಿದ್ದು ಯೆರೆಮೀಯ 32. ಪಟ್ಟಣದ ಸುತ್ತ ಬಾಬೆಲಿನ ಸೈನ್ಯ ಕೂತಿದೆ, ಯೆರೆಮೀಯ ಕಾವಲಲ್ಲಿ ಬಂಧಿ, ಆಗ ಚಿಕ್ಕಪ್ಪನ ಮಗ ಹನಮೇಲ ಬಂದು ನಮ್ಮೂರು ಅನಾತೋತಲ್ಲಿರೋ ನನ್ನ ಹೊಲ ತಗೋ ಅಂತಾನೆ. ನಾಳೆ ಶತ್ರು ಪಾಲಾಗೋ ಜಮೀನು, ಯಾರ್ ತಗೊಳ್ತಾರೆ ಹೇಳಿ? ಇವನು 17 ಶೆಕೆಲ್ ಬೆಳ್ಳಿ, ಅಂದ್ರೆ ಹತ್ತಿರ ಹತ್ತಿರ 200 ಗ್ರಾಂ, ತೂಕ ಮಾಡಿ ಕೊಟ್ಟು, ಸಾಕ್ಷಿ ಹಾಕಿಸಿ, ಕ್ರಯಪತ್ರನ ತನ್ನ ಬರಹಗಾರ ಬಾರೂಕನ ಕೈಗೆ ಕೊಟ್ಟು ಬಹಳ ಕಾಲ ಉಳಿಯೋ ಹಾಗೆ ಮಣ್ಣಿನ ಮಡಕೆಲಿ ಇಡು ಅಂತಾನೆ. ಈ ದೇಶದಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಿತೋಟ ಕೊಳ್ತಾರೆ ಅಂತ ದೇವರು ಹೇಳಿದ್ದಕ್ಕೆ. ನನಗೆ ಇಷ್ಟ ಆಗೋದು ಅದಾದಮೇಲೆ ಬರೋ ಪ್ರಾರ್ಥನೆ, ದುಡ್ಡು ಕೊಟ್ಟಾದ್ಮೇಲೆ ಅವನು ದೇವರ ಹತ್ರ ಹೋಗಿ, ಪಟ್ಟಣ ಕಸ್ದೀಯರ (ಅಂದ್ರೆ ಬಾಬೆಲಿನವರ) ಕೈಗೆ ಹೋಗ್ತಾ ಇದೆ, ನೀನು ನೋಡಿದ್ರೆ ಹೊಲ ತಗೋ ಅಂದೆ, ಏನಿದು ಅಂತ ಕೇಳ್ತಾನೆ. ಅಂದ್ರೆ ಅರ್ಥ ಆಗಿ ತಗೊಂಡಿದ್ದಲ್ಲ. ಅವನು ಆ ಹೊಲದಲ್ಲಿ ಒಂದು ಕಾಳು ಬಿತ್ತಿದ ಅಂತಲೂ ಎಲ್ಲೂ ಬರೆದಿಲ್ಲ, 43ನೇ ಅಧ್ಯಾಯಕ್ಕೆ ಬಂದ್ರೆ ಅವನ ಜನರೇ ಅವನನ್ನ ಐಗುಪ್ತಕ್ಕೆ ಎಳ್ಕೊಂಡು ಹೋಗಿರ್ತಾರೆ.

ಈಗ ಎಜ್ರ 2ಕ್ಕೆ ಬನ್ನಿ, ಬೈಬಲ್ ಪೂರ್ತಿ ಓದ್ತೀನಿ ಅಂತ ಹೊರಟವ್ರೂ ಹಾರಿಸಿಬಿಡೋ ಅಧ್ಯಾಯ, ಬರೀ ಹೆಸರು, ಲೆಕ್ಕ. ವಾಪಸ್ ಬಂದವರ ಪಟ್ಟಿ, ಒಟ್ಟು 42,360 ಜನ. ಅದರ 23ನೇ ವಚನ: ಅನಾತೋತಿನವರು, ಅಂದ್ರೆ ಯೆರೆಮೀಯ ಹೊಲ ತಗೊಂಡ ಊರಿನವರು, 128. ಅಷ್ಟೇ, ಯಾವ ವಿವರಣೆನೂ ಇಲ್ಲ. ನಾನು ಮೊದಲ್ನೇ ಸಲ ಆ ಎರಡು ಅಧ್ಯಾಯ ಜೋಡಿಸಿ ನೋಡಿದಾಗ ಬೈಬಲ್ ಮುಚ್ಚಿಟ್ಟು ಸುಮ್ನೆ ಕೂತಿದ್ದೆ. ಆ ಹೊಲ ಯಾರ ಪಾಲಿಗೆ ಬಂತು ಅಂತ ಬೈಬಲ್ ಹೇಳಲ್ಲ, ಆದ್ರೆ ಊರು ಮತ್ತೆ ಊರಾಯ್ತು. ನಂಬಿಗಸ್ತಿಕೆ ಅನ್ನೋದು ನನ್ನ ಜೀವಮಾನದ ಒಳಗೇ ಲೆಕ್ಕ ಚುಕ್ತಾ ಆಗ್ಬೇಕು ಅಂತ ನಾನು ಹಿಡಿದಿದ್ದ ಹಠ ಸಡಿಲ ಆಗಿದ್ದು ಅಲ್ಲಿಂದ.

ಹಾಗಾದ್ರೆ ಮಧ್ಯದಲ್ಲಿ ಸಿಕ್ಕಾಕೊಂಡವರ ಗತಿ ಏನು, ಮೊಮ್ಮಕ್ಕಳಿಗೆ ಒಳ್ಳೇದಾಗುತ್ತೆ ಅಂದ್ರೆ ನನಗೇನು ಬಂತು ಅಂತ ನೀವು ಕೇಳ್ತೀರ, ಕೇಳ್ಬೇಕು ಕೂಡ. ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು, ತಾನೇ ಸೆರೆ ಹೋಗಿದ್ದ ಪ್ರವಾದಿ ಯೆಹೆಜ್ಕೇಲನಲ್ಲಿ. ಯೆರೂಸಲೇಮಲ್ಲಿ ಉಳ್ಕೊಂಡಿದ್ದವರು ಸೆರೆ ಹೋದವರ ಬಗ್ಗೆ ಏನ್ ಮಾತಾಡ್ತಾ ಇದ್ರು ಅಂದ್ರೆ, ಅವರು ಯೆಹೋವನಿಂದ ದೂರ ಹೋದ್ರು, ದೇಶ ಈಗ ನಮ್ಮದು ಅಂತ (11:15). ಸಭೆಲಿ ಕಷ್ಟದಲ್ಲಿರೋರ ಬಗ್ಗೆ ಹೀಗೇ ಪಿಸುಗುಟ್ಟೋದನ್ನ ನೀವೂ ಕೇಳಿರ್ತೀರ. ಮುಂದಿನ ವಚನದಲ್ಲೇ ದೇವರು ಹೇಳ್ತಾನೆ, ನಾನು ಅವರನ್ನ ದೂರ ಕಳಿಸಿದ್ದೀನಿ ನಿಜ, ಆದ್ರೆ ಅವರು ಹೋದ ದೇಶದಲ್ಲಿ ನಾನೇ ಅವರಿಗೆ ಪವಿತ್ರಾಲಯ ಆಗಿದ್ದೀನಿ ಅಂತ. ಅದಕ್ಕೂ ಮೊದಲೇ, 1ನೇ ಅಧ್ಯಾಯದಲ್ಲಿ, ಬಾಬೆಲ್ ದೇಶದ ಕೆಬಾರ್ ನದಿ ಹತ್ರ, ಸೆರೆ ಹೋಗಿ ಐದನೇ ವರ್ಷದಲ್ಲಿ ಯೆಹೆಜ್ಕೇಲ ದೇವರ ಮಹಿಮೆ ನೋಡ್ತಾನೆ, ಆ ದರ್ಶನದಲ್ಲಿ ಚಕ್ರಗಳಿವೆ. ಎಲ್ಲಾ ಕಡೆ ಹೋಗೋ ಚಕ್ರ. ಆಗಿನ್ನೂ ಯೆರೂಸಲೇಮಿನ ದೇವಾಲಯ ನಿಂತೇ ಇತ್ತು ಅನ್ನೋದನ್ನ ಮರೀಬೇಡಿ. ಊರಲ್ಲಿದ್ದೋರು ಗುಡಿ ನಮ್ಮ ಹತ್ರ ಇದೆ ಅಂತ ಬೀಗ್ತಾ ಇದ್ದಾಗ್ಲೇ ದೇವರು ಸೆರೆಯವರ ಮಧ್ಯೆ ಕಾಣಿಸ್ಕೊಂಡಿದ್ದ. ವಾಪಸಾತಿ ನಡೀಲಿಕ್ಕೆ ಇನ್ನೂ ಅರ್ಧ ಶತಮಾನ ಬಾಕಿ ಇತ್ತು, ಜೊತೆ ಮಾತ್ರ ಆಗ್ಲೇ ಇತ್ತು.

ನಮ್ಮ ಮನೇದೂ ಸ್ವಲ್ಪ ಹೇಳ್ತೀನಿ. ಅಪ್ಪ ಸಾಲಕ್ಕೆ ಹುಬ್ಬಳ್ಳಿ ಮನೆ ಮಾರಿದ್ಮೇಲೆ ಬೆಂಗಳೂರಿಗೆ ಬಂದ್ವಿ, ಅಮ್ಮ ತುಂಬಾ ವರ್ಷ ಬಾಡಿಗೆ ಮನೆಲಿ ಸಾಮಾನು ಪೂರ್ತಿ ಬಿಚ್ಚಲೇ ಇಲ್ಲ, ಹೆಂಗೂ ವಾಪಸ್ ಹೋಗ್ತೀವಲ್ಲ ಅಂತ. ಯೆರೆಮೀಯನ ಪತ್ರದಲ್ಲಿ ಮನೆ ಕಟ್ಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನ ಸೆರೆ ಒಯ್ದ ಆ ಪಟ್ಟಣಕ್ಕೋಸ್ಕರನೇ ಪ್ರಾರ್ಥನೆ ಮಾಡಿ ಅಂತ ಇದೆಯಲ್ಲ, ಅದನ್ನ ಬೈಬಲ್ ಸ್ಟಡಿಲಿ ಓದ್ಕೊಂಡು ಬಂದು ಆಮೇಲೆ ಅಮ್ಮನೇ ಬಾಕ್ಸ್ ಬಿಚ್ಚಿದ್ರು. ಹುಬ್ಬಳ್ಳಿ ಮನೆ ವಾಪಸ್ ಬರ್ಲಿಲ್ಲ, ಈಗ್ಲೂ ಬಾಡಿಗೆ ಮನೆಯೇ.

ಇನ್ನೊಂದು ವಿಷಯ, ವಾಪಸ್ ಬಂದಿದ್ದೂ ಸಿನಿಮಾ ಕ್ಲೈಮ್ಯಾಕ್ಸ್ ಥರ ಇರ್ಲಿಲ್ಲ. ಎಜ್ರ 3ರಲ್ಲಿ ದೇವಾಲಯಕ್ಕೆ ಅಸ್ತಿವಾರ ಹಾಕಿದಾಗ ಹಳೇ ಆಲಯ ನೋಡಿದ್ದ ಮುದುಕರು ಗಟ್ಟಿಯಾಗಿ ಅತ್ರು, ಮಿಕ್ಕವರು ಸಂತೋಷದಿಂದ ಕೂಗಿದ್ರು, ಯಾವುದು ಅಳು ಯಾವುದು ಕೇಕೆ ಗೊತ್ತಾಗ್ಲಿಲ್ಲ ಅಂತಿದೆ. ಆಮೇಲೆ ಕೆಲಸ ವರ್ಷಗಟ್ಟಲೆ ನಿಂತೋಯ್ತು, ಪ್ರವಾದಿ ಹಗ್ಗಾಯ ಬಂದು ತಿವಿದ ಮೇಲೆ ಮತ್ತೆ ಶುರುವಾಯ್ತು. ನೆಹೆಮೀಯ 9ರ ಹೊತ್ತಿಗೂ ಪ್ರಾರ್ಥನೆಲಿ ಹೇಳ್ತಾರೆ, ನಮ್ಮ ಪಿತೃಗಳಿಗೆ ಕೊಟ್ಟ ದೇಶದಲ್ಲೇ ನಾವು ಗುಲಾಮರಾಗಿದ್ದೀವಿ ಅಂತ. ಈ ಮಾತನ್ನ ಅಳಿಸದೇ ಇಟ್ಟಿರೋದಕ್ಕೇ ನನಗೆ ಆ ಪುಸ್ತಕಗಳ ಮೇಲೆ ನಂಬಿಕೆ ಜಾಸ್ತಿ.

ಆ ಯೆಹೋಯಾಖೀನ ಏನಾದ ಅಂದ್ರೆ, 18ನೇ ವಯಸ್ಸಲ್ಲಿ ಸೆರೆ ಹೋದವನಿಗೆ ಸೆರೆಯ 37ನೇ ವರ್ಷದಲ್ಲಿ ಬಿಡುಗಡೆ ಆಗಿ, ಬಾಬೆಲಿನ ಅರಸನ ಪಂಕ್ತಿಲಿ ಊಟ ಸಿಕ್ತು, ಊರಿಗೆ ಮಾತ್ರ ಹೋಗ್ಲಿಲ್ಲ. ಬಾಬೆಲಿನ ಅಗೆತದಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲಿ ಅವನಿಗೂ ಅವನ ಐದು ಗಂಡುಮಕ್ಕಳಿಗೂ ಎಣ್ಣೆ ರೇಷನ್ ಕೊಟ್ಟ ಲೆಕ್ಕ ಈಗಲೂ ಇದೆ. ಯಾವನೋ ಗುಮಾಸ್ತ ಎಣ್ಣೆ ಅಳೆದು ಬರ್ಕೊಂಡಿದ್ದು, ಅವನಿಗೇನು ಗೊತ್ತು. ಆ ರಾಜನ ಮೊಮ್ಮಗನೇ ದೇವಾಲಯ ಕಟ್ಟಿಸಿದ ಜೆರುಬ್ಬಾಬೆಲ್, ಮತ್ತಾಯ 1ರಲ್ಲಿ ಯೇಸುವಿನ ವಂಶಾವಳಿಲಿ ಇಬ್ಬರ ಹೆಸರೂ ಇದೆ.

ನೀವು ಮತ್ತೆ ಓದೋದಾದ್ರೆ ಯೆರೆಮೀಯನ 52 ಅಧ್ಯಾಯನೂ ಒಟ್ಟಿಗೆ ಹಿಡೀಬೇಡಿ, 27ರಿಂದ 29, ಆಮೇಲೆ 32, ಯೆಹೆಜ್ಕೇಲ 1, 10, 11, ಎಜ್ರ 1ರಿಂದ 6, ಜೊತೆಗೆ ಹಗ್ಗಾಯ, ಅದು ಎರಡೇ ಅಧ್ಯಾಯ. ಏನೂ ಓದೋಕೆ ಮನಸ್ಸಿಲ್ಲದ ದಿನ ಪ್ರಲಾಪಗಳು 5 ತೆಗೀರಿ. ಅವನ ಕೃಪೆ ದಿನದಿನವೂ ಹೊಸದು ಅನ್ನೋ ಮಾತು ಆ ಪುಸ್ತಕದ ಮಧ್ಯದಲ್ಲಿದೆ, ಕೊನೇಲಿ ಇರೋದು ನಮ್ಮನ್ನ ಪೂರ್ತಿ ಕೈಬಿಟ್ಟುಬಿಟ್ಯಾ ಅನ್ನೋ ಥರದ ಮಾತು. ಅದನ್ನ ಹಾಗೇ ದೇವರಿಗೆ ಹೇಳಿ, ನಂಬಿಕೆ ಕಮ್ಮಿ ಇದೆ ಅಂತ ಯಾರಾದ್ರೂ ಅಂದ್ರೆ ಅದು ಬೈಬಲ್ ವಾಕ್ಯನೇ ಅಂತ ತೋರಿಸಿ.